ಹಳೇ ಔಟ್‌ಬೋರ್ಡ್ ಎಂಜಿನ್: ಡ್ರಮ್ಮಲ್ಲಿ ಚೆನ್ನಾಗಿ ಓಡುತ್ತೆ, ಕೆರೆಗಿಳಿಸಿದ್ರೆ ಕುಸಿದುಬಿಡುತ್ತೆ

ಕೆರೆಕೋಡಿ_ಕುಣಿಗಲ್ (ಭಾನುವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಕುಣಿಗಲ್ ಹತ್ರ ನಮ್ಮೂರ ಕೆರೇಲಿ ನಮ್ಮ ಸೋದರಮಾವ ಮೀನಿನ ಗುತ್ತಿಗೆ ಹಿಡಿದಿದಾರೆ. ಇಷ್ಟು ವರ್ಷ ಹರಿಗೋಲಲ್ಲೇ ಬಲೆ ಬಿಡ್ತಿದ್ರು. ಹೋದ ವರ್ಷ ಹದಿನಾಲ್ಕು ಅಡಿಯ ಫೈಬರ್ ದೋಣಿ ತಂದ್ರು. ಅದರ ಹಿಂದೇನೇ ಮಂಗಳೂರು ಕಡೆ ಗುಜರಿಯಿಂದ ದೋಣಿ ಹಿಂದಕ್ಕೆ ಕಟ್ಟೋ ಈ ಔಟ್‌ಬೋರ್ಡ್ ಎಂಜಿನ್ನೂ ಬಂತು, ಹನ್ನೊಂದು ಸಾವಿರಕ್ಕೆ. ಎಂಟು ಎಚ್‌ಪಿ ಅಂದಿದ್ರಂತೆ. ಸ್ಟಿಕ್ಕರ್ ಅಳಿಸಿಹೋಗಿದೆ, ನಂಬರ್ ಪ್ಲೇಟ್ ಮೇಲೆ ಯಾರೋ ನೀಲಿ ಪೇಂಟ್ ಬಳಿದಿದಾರೆ. ಟೂ ಸ್ಟ್ರೋಕ್, ಎರಡು ಸಿಲಿಂಡರ್, ಒಂದೇ ಕಾರ್ಬ್ಯುರೇಟರ್, ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸೋ ಚಕ್ರ) ಕೆಳಗೆ ಪಾಯಿಂಟ್ (ಕಿಡಿಗೆ ಕರೆಂಟ್ ಕೂಡಿಸಿ ಬಿಡಿಸೋ ತುಣುಕು) ಇರೋ ಕಾಲದ್ದು.

ತೊಂದರೆ ಏನಂದ್ರೆ, ಹತ್ತು ಹನ್ನೆರಡು ಸಲ ಹಗ್ಗ ಎಳೆದ್ರೆ ಸ್ಟಾರ್ಟ್ ಆಗುತ್ತೆ. ನೀರು ತುಂಬಿದ ಡ್ರಮ್ಮಲ್ಲಿ ಕಾಲು ಗಂಟೆ ಓಡಿದ್ರೂ ಜಪ್ಪಯ್ಯ ಅನ್ನಲ್ಲ. ದೋಣಿಗೆ ಕಟ್ಟಿ ಕೆರೆಗಿಳಿಸಿ ರೇಸ್ ಕೊಟ್ರೆ ಇಪ್ಪತ್ತು ಮೂವತ್ತು ಮೀಟರ್ ಹೋಗಿ ಬೊಗ್ ಬೊಗ್ ಅಂತ ಕುಸಿದು ನಿಂತುಹೋಗುತ್ತೆ. ಆಮೇಲೆ ಹುಟ್ಟು ಹಾಕ್ಕೊಂಡು ವಾಪಸ್. ಮಾವ ಮಾತಾಡಲ್ಲ, ನನ್ನ ಮುಖ ನೋಡ್ತಾರೆ ಅಷ್ಟೆ.

ಹೊಸ ಪ್ಲಗ್ ಹಾಕಿದೀನಿ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದಿದೀನಿ, ಲೀಟರಿಗೆ 20 ಮಿಲಿ ಟೂಟಿ (2ಟಿ) ಆಯಿಲ್ ಕಲಸ್ತೀನಿ. ಇನ್ನೇನು ನೋಡಬೇಕು?

ಗುಬ್ಬಿ_ಗ್ಯಾರೇಜ್ (10:05)

ಡ್ರಮ್ಮಲ್ಲಿ ಓಡೋದು ಲೆಕ್ಕಕ್ಕಿಲ್ಲ ಗುರು. ಅಲ್ಲಿ ಲೋಡೇ ಇಲ್ಲ, ನೀರು ತಳ್ಳೋ ಫ್ಯಾನು ಅದೇ ನೀರನ್ನ ಕಲಸ್ತಾ ಇರುತ್ತೆ. ಎರಡರಲ್ಲಿ ಒಂದು ಸಿಲಿಂಡರ್ ಸತ್ತಿದ್ರೂ ಡ್ರಮ್ಮಲ್ಲಿ ಗೊತ್ತಾಗಲ್ಲ, ದೋಣಿ ತಳ್ಳೋ ಹೊತ್ತಿಗೆ ಬಣ್ಣ ಬಯಲಾಗುತ್ತೆ. ನಾನು ಬೈಕ್ ಮೆಕ್ಯಾನಿಕ್ಕು, ದೋಣಿ ಗೊತ್ತಿಲ್ಲ, ಆದ್ರೆ ಟೂ ಸ್ಟ್ರೋಕ್ ಎಲ್ಲಿದ್ರೂ ಟೂ ಸ್ಟ್ರೋಕೇ.

ಸ್ಲೋದಲ್ಲಿ ಓಡ್ತಿರುವಾಗ ರಬ್ಬರ್ ಹಿಡಿ ಇರೋ ಕಟಿಂಗ್ ಪ್ಲೇಯರಲ್ಲಿ ಒಂದೊಂದೇ ಪ್ಲಗ್ ಕ್ಯಾಪ್ ತೆಗಿ, ತೆಗೆದಿದ್ದನ್ನ ಬಾಡಿಗೆ ತಾಗಿಸಿಟ್ಕೊ. ಯಾವುದನ್ನ ತೆಗೆದ್ರೆ ಸದ್ದು ಬದಲಾಗಲ್ವೋ ಆ ಸಿಲಿಂಡರ್ ಕೆಲಸ ಮಾಡ್ತಿಲ್ಲ. ಕಂಪ್ರೆಷನ್ ಗೇಜ್ (ಸಿಲಿಂಡರ್ ಒತ್ತಡ ಅಳೆಯೋದು) ಸಿಕ್ರೆ ಎರಡೂ ಅಳೆದು ಹೇಳು.

ಶಿರಾಗೇಟ್_ಹುಡುಗ (10:12)

ಹನ್ನೊಂದು ಸಾವಿರ ಗುಜರಿಗೆ ಹಾಕೋ ಬದಲು ಹೊಸಾದು ಫೋರ್ ಸ್ಟ್ರೋಕ್ ತಗೋಬಹುದಿತ್ತಲ್ಲ ಬ್ರೋ

ಕೆರೆಕೋಡಿ_ಕುಣಿಗಲ್ (10:20)

ಹೊಸಾದರ ರೇಟ್ ಕೇಳಿ ಬಾ ಬ್ರೋ, ಆಮೇಲೆ ಮಾತಾಡೋಣ.

ಮಲ್ಪೆ_ಬಂದರು (10:51)

ಅದೆಲ್ಲ ಆಮೇಲೆ ನೋಡುವ ಮಾರಾಯ್ರೆ. ಮೊದಲು ಒಂದು ಹೇಳಿ, ಎಂಜಿನ್ ಓಡುವಾಗ ಹಿಂದಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದಾ? ನಮ್ಮಲ್ಲಿ ಅದಕ್ಕೆ ಎಂತ ಹೇಳುತ್ತಾರೆ ಅಂತ ಇಲ್ಲಿ ಬರೆಯಲಿಕ್ಕಾಗುವುದಿಲ್ಲ. ಪೆನ್ಸಿಲ್ ದಪ್ಪದ ಧಾರೆ ಬರಬೇಕು. ಸ್ಟ್ಯಾಂಡಿನ ಮೇಲೆ ನೀರಿಲ್ಲದೆ ಓಡಿಸಿದ್ದು ಉಂಟಾ?

ಕೆರೆಕೋಡಿ_ಕುಣಿಗಲ್ (11:02)

ಸುಳ್ಳು ಹೇಳಲ್ಲ ಅಣ್ಣ. ತಂದ ದಿನ ಮನೆ ಅಂಗಳದಲ್ಲಿ, ಬೇವಿನ ಮರಕ್ಕೆ ಹಲಗೆ ಕಟ್ಟಿ, ಸ್ಟಾರ್ಟ್ ಆದ ಖುಷೀಲಿ ಒಂದೆರಡು ನಿಮಿಷ ಹಂಗೇ ಓಡಿಸಿದ್ವಿ. ಬೀದಿ ಜನ ಎಲ್ಲ ಬಂದು ನೋಡಿದ್ರು. ಈಗ ಆ ತೂತಲ್ಲಿ ತೊಟ್ಟು ತೊಟ್ಟಾಗಿ ಬರುತ್ತೆ.

ಮಲ್ಪೆ_ಬಂದರು (11:15)

ಆಯ್ತು, ಇಂಪೆಲ್ಲರ್ ಹೋಗಿದೆ. ಕೆಳಗಿನ ಕಾಲಿನ ಒಳಗೆ ಹೂವಿನ ಎಸಳಿನ ಹಾಗೆ ರಬ್ಬರಿನ ಚಕ್ರ ಉಂಟು, ಅದೇ ನೀರು ಮೇಲೆ ಎತ್ತಿ ಎಂಜಿನ್ ತಂಪು ಮಾಡುವುದು. ನೀರೇ ಅದಕ್ಕೆ ಎಣ್ಣೆ. ನೀರಿಲ್ಲದಿದ್ದರೆ ಅರ್ಧ ನಿಮಿಷದಲ್ಲಿ ಸುಟ್ಟು ಎಸಳು ಮಡಚಿ ಹೋಗ್ತದೆ. ಅದು ಬದಲಿಸದೆ ಇನ್ನು ಸ್ಟಾರ್ಟ್ ಮಾಡಲೇಬೇಡಿ, ಪಿಸ್ಟನ್ ಹಿಡಿದುಕೊಂಡರೆ ಹನ್ನೊಂದು ಸಾವಿರವೂ ನೀರಿಗೆ.

ಕಾಲು ಬಿಚ್ಚುವಾಗ ಗೇರ್ ಎಣ್ಣೆಯನ್ನೂ ನೋಡಿ. ಕಪ್ಪಿದ್ದರೆ ತೊಂದರೆ ಇಲ್ಲ. ಬಾದಾಮಿ ಹಾಲಿನ ಹಾಗಿದ್ದರೆ ಫ್ಯಾನಿನ ಸೀಲಿನಿಂದ ನೀರು ಒಳಗೆ ಹೋಗಿದೆ ಅಂತ ಅರ್ಥ. ಫ್ಯಾನ್ ತೆಗೆದು ಶಾಫ್ಟಿಗೆ ಬಲೆ ದಾರ ಸುತ್ತಿದೆಯಾ ನೋಡಿ, ಸೀಲು ಕೊಯ್ಯುವುದು ಅದೇ. ಹೊಸ ಎಣ್ಣೆಯನ್ನು ಕೆಳಗಿನ ಸ್ಕ್ರೂವಿನಿಂದ ಒತ್ತಿ ತುಂಬಿಸಿ, ಮೇಲಿನ ತೂತಲ್ಲಿ ಹೊರಗೆ ಬರುವ ತನಕ. ಮೇಲಿಂದ ಹೊಯ್ದರೆ ಒಳಗೆ ಗಾಳಿ ನಿಲ್ತದೆ.

ಕೆರೆಕೋಡಿ_ಕುಣಿಗಲ್ (ಮುಂದಿನ ಶನಿವಾರ, ಸಂಜೆ 6:30)

ಒಂದು ವಾರದ ವರದಿ.

ಕಾಲು ಬಿಚ್ಚೋಕೆ ಎರಡು ದಿನ ಹಿಡೀತು. ಉಪ್ಪುನೀರಲ್ಲಿ ಇದ್ದದ್ದರಿಂದ ಸ್ಟೀಲ್ ಬೋಲ್ಟು ಅಲ್ಯುಮಿನಿಯಂಗೆ ಬೆಸುಗೆ ಆದಂಗೆ ಕೂತಿತ್ತು. ಬ್ಲೋ ಲ್ಯಾಂಪಲ್ಲಿ ಸುತ್ತ ಬಿಸಿ ಮಾಡಿ, ತುಕ್ಕಿನ ಸ್ಪ್ರೇ ಹೊಡೆದು, ಬಿಗಿ ಮಾಡೋದು ಬಿಚ್ಚೋದು ಮಾಡ್ತಾ ತೆಗೆದೆ. ಒಂದು ತುಂಡಾಯ್ತು. ಇಂಪೆಲ್ಲರಿನ ಆರು ಎಸಳಲ್ಲಿ ಎರಡು ಇಲ್ಲವೇ ಇಲ್ಲ, ಉಳಿದವು ಒಂದೇ ಕಡೆ ಮಲಗಿಬಿಟ್ಟಿವೆ. ಅಳತೆ, ಫೋಟೋ ಕಳಿಸಿದ್ದಕ್ಕೆ ಮಲ್ಪೆ ಅಣ್ಣ ಬಸ್ ಪಾರ್ಸಲಲ್ಲಿ ಹೊಸದು ಕಳಿಸಿದ್ರು. ಕಳೆದುಹೋದ ಎರಡು ಎಸಳನ್ನೂ ನೀರಿನ ಪೈಪಿಂದ ಹುಡುಕಿ ತೆಗೀಬೇಕು ಅಂತ ಅವರೇ ಹೇಳಿದ್ರು, ಒಂದು ಸಿಕ್ತು, ಇನ್ನೊಂದು ಚೂರುಚೂರಾಗಿ ಬಂತು. ಈಗ ಧಾರೆ ಗೋಡೆ ದಾಟುತ್ತೆ.

ಕ್ಯಾಪ್ ಪರೀಕ್ಷೆ ಮಾಡಿದೆ. ಕೆಳಗಿನ ಸಿಲಿಂಡರ್ ಸತ್ತಿದೆ. ತೆಗೆದ್ರೂ ಇಟ್ರೂ ಒಂದೇ ಸದ್ದು. ಪ್ಲಗ್ ಒದ್ದೆ, ಕಪ್ಪು. ಕಂಪ್ರೆಷನ್ ಮೇಲಿಂದು 85 ಪಿಎಸ್‌ಐ, ಕೆಳಗಿಂದು 82.

ಗುಬ್ಬಿ_ಗ್ಯಾರೇಜ್ (6:48)

85 ಕಮ್ಮಿ ಆಯ್ತು, ರಿಂಗು ಸವೆದಿರಬಹುದು. ಆದ್ರೆ ಎರಡೂ ಹತ್ರ ಹತ್ರ ಇವೆ, ಹಾಗಾಗಿ ಒಂದೇ ಸಾಯೋಕೆ ಅದು ಕಾರಣ ಅಲ್ಲ. ಕರೆಂಟ್ ನೋಡು. ಒಂದೊಂದು ಸಿಲಿಂಡರಿಗೆ ಒಂದೊಂದು ಪಾಯಿಂಟು, ಕಂಡೆನ್ಸರು, ಕಾಯಿಲು ಇರುತ್ತೆ. ಮ್ಯಾಗ್ನೆಟ್ ಬಿಚ್ಚು.

ಕೆರೆಕೋಡಿ_ಕುಣಿಗಲ್ (ಭಾನುವಾರ, ಮಧ್ಯಾಹ್ನ 1:10)

ಮ್ಯಾಗ್ನೆಟ್ ಬರಲಿಲ್ಲ. ನಟ್ ಬಿಚ್ಚಿ ಶಾಫ್ಟಿನ ತಲೆಗೆ ಸುತ್ತಿಗೇಲಿ ಎರಡು ಕೊಟ್ಟೆ. ಮ್ಯಾಗ್ನೆಟ್ ಅಲ್ಲಾಡಲಿಲ್ಲ, ಶಾಫ್ಟಿನ ಮರೆ (ಥ್ರೆಡ್) ಚಪ್ಪಟೆ ಆಯ್ತು. ಈಗ ನಟ್ ಕೂರ್ತಿಲ್ಲ. ಬಯ್ಯೋರು ಬಯ್ಯಿರಿ.

ಚಾಂಪಿಯನ್‌ರೀಫ್_ಫಿಟ್ಟರ್ (1:45)

ಬಯ್ಯಲ್ಲ ತಮ್ಮಾ. ನಾನು ಕೆಜಿಎಫ್ ಗಣಿ ವರ್ಕ್‌ಶಾಪಲ್ಲಿ ಸೇರಿದ ಮೊದಲನೇ ತಿಂಗಳು ಇದನ್ನೇ ಮಾಡಿದ್ದೆ, ಇದಕ್ಕಿಂತ ದೊಡ್ಡ ಶಾಫ್ಟಿಗೆ. 2001ರಲ್ಲಿ ಗಣಿ ಮುಚ್ಚೋವರೆಗೂ ಅದನ್ನ ಹೇಳ್ಕೊಂಡು ನಗ್ತಿದ್ರು.

ಮೊದಲ ಎರಡು ಮರೆ ತಾನೆ ಹಾಳಾಗಿರೋದು? ಮೂಲೆ ಅರದಲ್ಲಿ ಮೆಲ್ಲಗೆ ತಿದ್ದಿ, ಆಮೇಲೆ ಅದೇ ಅಳತೆಯ ಡೈ ಹಾಕಿ ತಿರುಗಿಸು. ಮ್ಯಾಗ್ನೆಟ್ ಮೇಲೆ ಮರೆ ಇರೋ ಮೂರು ತೂತು ಇರುತ್ತೆ, ಅದು ಪುಲ್ಲರಿಗೆ (ಎಳೆದು ತೆಗೆಯೋ ಸಾಧನ) ಅಂತಲೇ ಇರೋದು. ದಪ್ಪ ಪಟ್ಟಿಗೆ ಅದೇ ಮೂರು ತೂತು, ನಡುವೆ ಮರೆ ಇರೋ ಇನ್ನೊಂದು ಕೊರೆದು ಬೋಲ್ಟ್ ಹಾಕಿದ್ರೆ ಅದೇ ಪುಲ್ಲರು. ನಟ್ಟನ್ನ ಶಾಫ್ಟಿನ ತಲೆಯ ಸಮಕ್ಕೆ ನಿಲ್ಲಿಸಿ, ನಡುವಿನ ಬೋಲ್ಟು ಬಿಗಿ ಮಾಡಿ, ಅದರ ತಲೆ ಮೇಲೆ ಒಂದು ಪೆಟ್ಟು. ಟಪ್ ಅಂತ ಬಿಡುತ್ತೆ. ವಾಪಸ್ ಹಾಕುವಾಗ ಟೇಪರ್ (ಶಾಫ್ಟಿನ ಚೂಪಾಗೋ ಭಾಗ) ಒಣಗಿರಬೇಕು, ಗ್ರೀಸ್ ಗೀಸ್ ಹಚ್ಚಬೇಡ. ಮ್ಯಾಗ್ನೆಟ್ ಜರುಗದಂಗೆ ಹಿಡಿಯೋ ಕೀ ಅಂಚು ಕತ್ತರಿಸಿದ್ರೆ ಬದಲಾಯಿಸು, ಅದು ಕೂದಲೆಳೆಯಷ್ಟು ಜರುಗಿದ್ರೂ ಟೈಮಿಂಗ್ ಹೋಗುತ್ತೆ.

ಎಚ್‌ಎಂಟಿ_ನಿವೃತ್ತ (ಸಂಜೆ 5:20)

ಮ್ಯಾಗ್ನೆಟ್ ತೆಗೆದ ಮೇಲೆ ಪಾಯಿಂಟ್ ವಿಷಯ ನನಗೆ ಬಿಡಿ. ತುಮಕೂರಿನ ವಾಚ್ ಫ್ಯಾಕ್ಟರಿಯಲ್ಲಿ ಸರ್ವಿಸ್ ಪೂರ್ತಿ ಕೈಗಡಿಯಾರದ ಬಿಡಿಭಾಗಗಳನ್ನು ಕಣ್ಣಿಗೆ ಲೂಪ್ ಸಿಕ್ಕಿಸಿಕೊಂಡು ನೋಡಿದವನು ನಾನು. ನಿಮ್ಮ ಪಾಯಿಂಟು ನನಗೆ ಆನೆ ಇದ್ದಂತೆ.

ಉಜ್ಜುಕಾಗದ ಹಾಕಬೇಡಿ. ಅದರ ಮರಳಿನ ಕಣ ಪಾಯಿಂಟಿನ ಮುಖದಲ್ಲಿ ಕಚ್ಚಿಕೊಂಡು ಮತ್ತೆ ಕರೆಂಟಿಗೆ ಅಡ್ಡ ಬರುತ್ತದೆ. ಸಣ್ಣ ಅರದಲ್ಲಿ ಎರಡೇ ಎಳೆತ, ಆಮೇಲೆ ಪೆಟ್ರೋಲಿನಲ್ಲಿ ಅದ್ದಿದ ಮದುವೆ ಕಾರ್ಡಿನ ದಪ್ಪ ಕಾಗದವನ್ನು ನಡುವೆ ಹಿಡಿದು ಎಳೆಯಿರಿ. ಕಾಗದದಲ್ಲಿ ಕಪ್ಪು ಬರುವುದು ನಿಲ್ಲುವವರೆಗೂ ಬೇರೆ ಬೇರೆ ಜಾಗದಲ್ಲಿ ಎಳೆಯುತ್ತಿರಿ. ಕ್ಯಾಮ್ (ಪಾಯಿಂಟನ್ನು ತೆರೆಯುವ ಉಬ್ಬು) ಅತಿ ಎತ್ತರದಲ್ಲಿರುವಾಗ ಸಂದು 0.35 ಮಿ.ಮೀ. ಇಡಿ, ಎರಡಕ್ಕೂ ಒಂದೇ. ಸಂದು ಹೆಚ್ಚಾದರೆ ಟೈಮಿಂಗ್ ಮುಂದೆ ಬರುತ್ತದೆ, ಕಡಿಮೆಯಾದರೆ ಹಿಂದೆ ಹೋಗುತ್ತದೆ.

ಪಾಯಿಂಟಿನ ಮೇಲೆ ಎಣ್ಣೆ ಇದೆಯೇ, ಅದನ್ನು ಮೊದಲು ಹೇಳಿ.

ಕೆರೆಕೋಡಿ_ಕುಣಿಗಲ್ (ರಾತ್ರಿ 8:15)

ಟಪ್ ಅಂತ ಬಂತು! ಫಿಟ್ಟರ್ ಅಣ್ಣಂಗೆ ಒಂದು ಕಾಟ್ಲಾ ಮೀನು ಬಾಕಿ. ಸಾರ್, ಕೆಳಗಿನ ಸಿಲಿಂಡರಿನ ಪಾಯಿಂಟ್ ಪೂರ್ತಿ ಎಣ್ಣೆ. ಜಿಡ್ಡು ಸುಟ್ಟು ತವೆ ತಳದಂಗೆ ಕಪ್ಪಾಗಿದೆ.

ಎಚ್‌ಎಂಟಿ_ನಿವೃತ್ತ (8:31)

ಹಾಗಾದರೆ ಪಾಯಿಂಟ್ ತೊಳೆದರೆ ಸಾಲದು. ಆ ಎಣ್ಣೆ ಕ್ರ್ಯಾಂಕಿನ ಮೇಲಿನ ಸೀಲಿನಿಂದ ಬರುತ್ತಿದೆ. ಸೀಲು ಎಣ್ಣೆ ಬಿಡುತ್ತಿದೆ ಎಂದರೆ ಗಾಳಿಯನ್ನೂ ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಸೀಲಿನ ಮೇಲೆ ಒಳ ಅಳತೆ, ಹೊರ ಅಳತೆ, ದಪ್ಪ ಮೂರೂ ಒತ್ತಿರುತ್ತಾರೆ. ಅದನ್ನು ಬರೆದುಕೊಂಡು ತುಮಕೂರಿನ ಬಿ.ಎಚ್. ರಸ್ತೆಯ ಬೇರಿಂಗ್ ಅಂಗಡಿಗೆ ಹೋಗಿ. ದೋಣಿ ಎಂಜಿನ್ ಸೀಲು ಕೊಡಿ ಎಂದು ಕೇಳಬೇಡಿ, ಇಲ್ಲ ಎನ್ನುತ್ತಾರೆ. ಅಳತೆ ಹೇಳಿ, ಕೊಡುತ್ತಾರೆ.

ಕೆರೆಕಟ್ಟೆ_ಕೋಲಾರ (9:02)

ಎಲ್ಲರೂ ರಿಪೇರಿ ಮಾತಾಡ್ತಿದೀರ, ನಾನೊಂದು ಅಪಶಕುನ ನುಡೀತೀನಿ. ಇಂಥ ಹಳೇ ಟೂ ಸ್ಟ್ರೋಕಲ್ಲಿ ಹಾಕಿದ ಪೆಟ್ರೋಲಲ್ಲಿ ಕಾಲು ಭಾಗದವರೆಗೂ ಉರಿಯದೆ ಸೈಲೆನ್ಸರಿಂದ ಹಂಗೇ ಆಚೆ ಹೋಗುತ್ತೆ. ಔಟ್‌ಬೋರ್ಡಿಗೆ ಸೈಲೆನ್ಸರ್ ಇರೋದು ನೀರೊಳಗೆ. ಅಂದ್ರೆ ಅಷ್ಟೂ ನಿಮ್ಮ ಕೆರೆಗೆ. ಸಮುದ್ರದಲ್ಲಿ ಅದು ಕಾಣಲ್ಲ, ನಮ್ಮಂಥ ಕೆರೇಲಿ ದನ ನೀರು ಕುಡಿಯೋ ಕಡೆ ಮೇಲೆ ಕಾಮನಬಿಲ್ಲು ಕಟ್ಟುತ್ತೆ.

ನಮ್ಮ ಕಡೆ ಕೆರೆ ಅಂದ್ರೆ ಕ್ರಿಕೆಟ್ ಆಡೋ ಮೈದಾನ ಆಗಿತ್ತು. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರಕ್ಕೆ ಬಂದ ಮೇಲೆ ಒಂದಾದ ಮೇಲೊಂದು ತುಂಬಿದ್ವು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಅಂತ ಗೊತ್ತಿದ್ದೂ ಜನ ಬಾಗಿನ ಬಿಟ್ರು. ಬರಿಗೆರೆ ನೋಡಿದ ಕಣ್ಣಿಗೆ ನೀರಿನ ಮೇಲೆ ಎಣ್ಣೆ ಹನಿಯೂ ಚುಚ್ಚುತ್ತೆ, ತಪ್ಪು ತಿಳೀಬೇಡಿ.

ಕೆರೆಕೋಡಿ_ಕುಣಿಗಲ್ (9:30)

ತಪ್ಪು ತಿಳಿಯಲ್ಲ ಅಣ್ಣ, ಮಾವನೂ ಇದೇ ಮಾತಂದ್ರು. ಬಲೆ ಬಿಡೋದು ಹುಟ್ಟಲ್ಲೇ. ಎಂಜಿನ್ ಬೇಕಿರೋದು ಅಂತರಗಂಗೆ ಎಳೆಯೋಕೆ. ಮಳೆಗಾಲದಲ್ಲಿ ಅದು ತೇಲಿ ಬಂದು ಬಲೆ ಮೇಲೆ ಕೂತ್ರೆ ಹುಟ್ಟಿಗೆ ಜಗ್ಗಲ್ಲ, ಇಬ್ಬರು ಸೊಂಟದ ನೀರಲ್ಲಿ ನಿಂತು ಎಳೀಬೇಕು. ತಿಂಗಳಿಗೆ ನಾಲ್ಕೈದು ಲೀಟರ್ ಉರಿದ್ರೆ ಹೆಚ್ಚು.

ಮಲ್ಪೆ_ಬಂದರು (9:41)

ಆಟೋದ ಟೂಟಿ ಎಣ್ಣೆ ಬಿಟ್ಟು ಔಟ್‌ಬೋರ್ಡಿನದ್ದೇ ಎಣ್ಣೆ ಹಾಕಿ, ಡಬ್ಬಿ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರ್ತದೆ. ನೀರಲ್ಲಿ ತಂಪಾಗುವ ಎಂಜಿನ್ನಿಗೆ ಅಂತಲೇ ಮಾಡಿದ್ದು, ಬೂದಿ ಕಟ್ಟುವುದಿಲ್ಲ. ಮತ್ತೆ ಅಂತರಗಂಗೆ ಸುತ್ತಿದಾಗ ಎಂಜಿನ್ ಬಂದ್ ಮಾಡಿಯೇ ಫ್ಯಾನಿಗೆ ಕೈ ಹಾಕಿ. ನ್ಯೂಟ್ರಲ್ ಅಂತ ನಂಬಬೇಡಿ. ನಮ್ಮ ಓಣಿಯಲ್ಲಿ ಒಬ್ಬರಿಗೆ ಎರಡು ಬೆರಳಿಲ್ಲ.

ಕೆರೆಕೋಡಿ_ಕುಣಿಗಲ್ (ಎರಡು ವಾರ ಬಿಟ್ಟು, ಭಾನುವಾರ, ಬೆಳಗ್ಗೆ 11:00)

ಸೀಲು ಹಾಕಿದೆ, ಪಾಯಿಂಟ್ ಇಟ್ಟೆ (ಮದುವೆ ಕಾರ್ಡ್ ನನ್ನ ತಂಗೀದೇ), ಕಂಡೆನ್ಸರ್ ಬದಲಾಯಿಸಿದೆ. ಎರಡನೇ ಎಳೆತಕ್ಕೆ ಸ್ಟಾರ್ಟ್! ಎರಡೂ ಸಿಲಿಂಡರ್ ಹೊಡೀತಿವೆ, ಸದ್ದೇ ಬೇರೆ. ಕೆರೆಗಿಳಿಸಿದ್ವಿ. ದೋಣಿ ಮೂತಿ ಎತ್ತಿತು. ಮಾವ ಟವೆಲ್ ಹಿಡ್ಕೊಂಡು ಕೂತ್ರು.

ನೂರೈವತ್ತು ಮೀಟರ್ ಹೋಗಿ ಮತ್ತೆ ಬೊಗ್ ಬೊಗ್. ಅರ್ಧ ರೇಸಲ್ಲಿ ಪರವಾಗಿಲ್ಲ, ಪೂರ್ತಿ ಕೊಟ್ರೆ ಕುಸಿಯುತ್ತೆ. ಅದೇ ಮುಖ ನೋಡಿದ್ರು.

ದ್ರಾಕ್ಷಿತೋಟ_ಚಿಕ್ಕಬಳ್ಳಾಪುರ (11:25)

ನಮ್ಮ ಪವರ್ ಸ್ಪ್ರೇಯರೂ ಹಿಂಗೇ ಮಾಡ್ತಿತ್ತು. ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿತ್ತು, ಪೆಟ್ರೋಲ್ ಇಳೀತಿರಲಿಲ್ಲ. ಮುಚ್ಚಳ ಸಡಿಲ ಮಾಡಿ ನೋಡಿ. ಪೈಪನ್ನೂ ನೋಡಿ, ಈಗಿನ ಪೆಟ್ರೋಲಲ್ಲಿ 20 ಪರ್ಸೆಂಟ್ ಎಥನಾಲ್, ಹಳೇ ರಬ್ಬರು ಒಳಗೇ ಊದ್ಕೊಂಡು ದಾರಿ ಮುಚ್ಚುತ್ತೆ. ಹೊರಗಿಂದ ಹೊಸದರ ಥರಾನೇ ಇರುತ್ತೆ.

ಗುಬ್ಬಿ_ಗ್ಯಾರೇಜ್ (11:40)

ಊಹೆ ಮಾಡೋದು ಬೇಡ. ಕುಸಿಯೋ ಹೊತ್ತಿಗೆ ಸರಿಯಾಗಿ ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬನ್ನ (ಒತ್ತಿದ್ರೆ ಪೆಟ್ರೋಲ್ ತಳ್ಳೋದು) ಕೈಯಲ್ಲಿ ಒತ್ತಿ. ಚೇತರಿಸ್ಕೊಂಡ್ರೆ ಪೆಟ್ರೋಲ್ ಸಾಲ್ತಿಲ್ಲ. ಇನ್ನೂ ಕುಸಿದ್ರೆ ಹೆಚ್ಚಾಗಿದೆ.

ಕೆರೆಕೋಡಿ_ಕುಣಿಗಲ್ (ಮಧ್ಯಾಹ್ನ 3:15)

ಮುಚ್ಚಳ ತೆಗೆದೇ ಓಡಿಸ್ದೆ, ಪೈಪ್ ಹೊಸದು ಹಾಕ್ದೆ. ಅದೇ ಕಥೆ. ಬಲ್ಬ್ ಒತ್ತಿದ ತಕ್ಷಣ ಸತ್ತೇಹೋಯ್ತು. ಪ್ಲಗ್ ಎರಡೂ ಮಸಿ. ಅಂದ್ರೆ ಪೆಟ್ರೋಲ್ ಹೆಚ್ಚು. ಫ್ಲೋಟ್ ಸರಿ ಇದೆ, ಚೋಕ್ ಪೂರ್ತಿ ತೆರೆಯುತ್ತೆ. ಯಾಕೆ ಹೆಚ್ಚು?

ಮಲ್ಪೆ_ಬಂದರು (3:40)

ಒಂದು ಸಂಶಯ. ಕಾರ್ಬ್ಯುರೇಟರಿನ ಹತ್ತಿರ ಎರಡು ಪೈಪ್ ಸೇರುವ ಕಾಕ್ ಏನಾದರೂ ಉಂಟಾ?

ಕೆರೆಕೋಡಿ_ಕುಣಿಗಲ್ (3:52)

ಇದೆ ಅಣ್ಣ! ಒಂದು ಬಾಯಿಗೆ ಸ್ಕ್ರೂ ತುರುಕಿ ಎಂಸೀಲ್ ಮೆತ್ತಿದಾರೆ. ನಾನು ಅದೇನೋ ಮುರಿದದ್ದು ಅಂದ್ಕೊಂಡಿದ್ದೆ.

ಮಲ್ಪೆ_ಬಂದರು (4:10)

ಹಾಗಾದರೆ ಇದು ಸೀಮೆಎಣ್ಣೆ ಎಂಜಿನ್. ನಮ್ಮಲ್ಲಿ ನಾಡದೋಣಿಯವರಿಗೆ ಸಬ್ಸಿಡಿ ಸೀಮೆಎಣ್ಣೆ ಸಿಗ್ತದಲ್ಲ, ಅದರಲ್ಲೇ ಓಡುವುದು. ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆಗೆ ಹಾಕ್ತೇವೆ, ದಡಕ್ಕೆ ಬರುವ ಮೊದಲು ಪುನಃ ಪೆಟ್ರೋಲಿಗೆ. ಸೀಮೆಎಣ್ಣೆಗೆ ಆಕ್ಟೇನ್ ಕಡಿಮೆ, ಹೆಚ್ಚು ಒತ್ತಿದರೆ ಬಡಿಯುತ್ತದೆ, ಹಾಗಾಗಿ ಕಂಪ್ರೆಷನ್ ಕಡಿಮೆಯೇ ಇಟ್ಟಿರ್ತಾರೆ. ನಿಮ್ಮ 85ಕ್ಕೆ ಗುಬ್ಬಿಯವರು ರಿಂಗ್ ಅಂದರು, ರಿಂಗ್ ಅಲ್ಲ.

ಮೇನ್ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು) ತೆಗೆದು ನೋಡಿ. ಎಳೆತ ಹೆಚ್ಚಲಿ ಅಂತ ಜೆಟ್ಟಿನ ತೂತು ಕೊರೆದು ದೊಡ್ಡದು ಮಾಡುವ ಅಭ್ಯಾಸ ಇಲ್ಲಿ ಕೆಲವರಿಗೆ ಉಂಟು.

ಗುಬ್ಬಿ_ಗ್ಯಾರೇಜ್ (4:22)

ರಿಂಗ್ ಮಾತು ವಾಪಸ್ ತಗೊಂಡೆ. ಅದರ ಮೇಲೆ ಇನ್ನೊಂದು ಇದೆ. ಮಲ್ಪೆ ಸಮುದ್ರದ ಮಟ್ಟ. ನಾವಿರೋದು ಏಳೆಂಟುನೂರು ಮೀಟರ್ ಮೇಲೆ. ಗಾಳಿ ಅಲ್ಲಿಗಿಂತ ಏಳೆಂಟು ಪರ್ಸೆಂಟ್ ತೆಳು, ಜೆಟ್ ಮಾತ್ರ ಅಷ್ಟೇ ಪೆಟ್ರೋಲ್ ಸುರೀತಿರುತ್ತೆ. ಕೊರೆದ ಜೆಟ್ಟು ಅಲ್ಲಿ ಹೆಂಗೋ ನಡೆದಿರುತ್ತೆ, ಘಟ್ಟ ಹತ್ತಿದ ಮೇಲೆ ಕಟ್ಕೊಂಡಿದೆ.

ಕೆರೆಕೋಡಿ_ಕುಣಿಗಲ್ (ಸಂಜೆ 6:05)

ಜೆಟ್ ಮೇಲಿನ ನಂಬರ್ ಅರದಲ್ಲಿ ಉಜ್ಜಿದಾರೆ. ಬೆಳಕಿಗೆ ಹಿಡಿದು ನೋಡಿದ್ರೆ ತೂತು ದುಂಡಗಿಲ್ಲ, ಅಂಚೆಲ್ಲ ಗೀರು. 1.30 ಮಿ.ಮೀ. ಡ್ರಿಲ್ ಬಿಟ್ ಸಲೀಸಾಗಿ ತೂರುತ್ತೆ. ಎಂಜಿನ್ ಹೆಸರೇ ಗೊತ್ತಿಲ್ಲದೆ ಜೆಟ್ ಎಲ್ಲಿ ಹುಡುಕಲಿ? ಆಯಿಲ್ ಜಾಸ್ತಿ ಕಲಸಿ ಅಡ್ಜಸ್ಟ್ ಮಾಡಬಹುದಾ?

ಎಚ್‌ಎಂಟಿ_ನಿವೃತ್ತ (6:30)

ಬೇಡ. ಆಯಿಲ್ ಹೆಚ್ಚಿಸಿದರೆ ಅಷ್ಟರ ಮಟ್ಟಿಗೆ ಪೆಟ್ರೋಲ್ ಕಡಿಮೆಯಾಗುವುದು ನಿಜ, ಆದರೆ ಜೆಟ್ಟಿನ ತಪ್ಪನ್ನು ಎಣ್ಣೆಯಲ್ಲಿ ತಿದ್ದಲು ಹೊರಟರೆ ಪ್ಲಗ್ಗಿಗೂ ಹೊಗೆಗೂ ಉತ್ತರ ಹೇಳಬೇಕಾಗುತ್ತದೆ. ಜೆಟ್ಟನ್ನೇ ಹೊಸದಾಗಿ ಮಾಡಿಸಿ. ನನ್ನ ಬಳಿ 0.05 ಅಂತರದಲ್ಲಿ ಸಣ್ಣ ಡ್ರಿಲ್‌ಗಳ ಪೆಟ್ಟಿಗೆ ಇದೆ. ಲೇತ್ ಇಲ್ಲ.

ಚಾಂಪಿಯನ್‌ರೀಫ್_ಫಿಟ್ಟರ್ (6:41)

ಲೇತ್ ನನ್ನ ಹತ್ರ ಇದೆ. ಹಳೇ ಜೆಟ್ ಕೊರಿಯರ್ ಮಾಡು. ಹಿತ್ತಾಳೆ ಕಡ್ಡೀಲಿ ಮೂರು ತಿರುಗಿಸಿ, ಮರೆ ಹಾಕಿ, ತೂತಿಲ್ಲದೆ ತುಮಕೂರಿಗೆ ಕಳಿಸ್ತೀನಿ. ತೂತು ಸಾರ್ ಹಾಕ್ಲಿ. ಆ ಕೈ ನನಗಿಲ್ಲ.

ಎಚ್‌ಎಂಟಿ_ನಿವೃತ್ತ (6:55)

ಒಪ್ಪಿದೆ. 1.10, 1.05, 1.00. ದೊಡ್ಡದರಿಂದ ಶುರುಮಾಡಿ ಕೆಳಗೆ ಬನ್ನಿ, ಸಣ್ಣದರಿಂದ ಮೇಲೆ ಹೋಗಬೇಡಿ. ಪೆಟ್ರೋಲ್ ಹೆಚ್ಚಾದರೆ ಎಂಜಿನ್ ಕೆಮ್ಮುತ್ತದೆ ಅಷ್ಟೆ. ಕಡಿಮೆಯಾದರೆ ಚೆನ್ನಾಗಿ ಓಡುತ್ತಿದೆ ಎನಿಸುವಾಗಲೇ ಪಿಸ್ಟನ್ ಕರಗುತ್ತದೆ.

ಕೆರೆಕೋಡಿ_ಕುಣಿಗಲ್ (ಮೂರು ವಾರದ ನಂತರ, ಭಾನುವಾರ, ಸಂಜೆ 7:20)

ಜೆಟ್ ಬೆಂಕಿಪೊಟ್ಟಣದಲ್ಲಿ ಹತ್ತಿ ಸುತ್ತಿ ಬಂದ್ವು. ಮೇಲೆ ಸಣ್ಣ ಅಕ್ಷರದಲ್ಲಿ ಅಳತೆ ಕೆತ್ತಿದಾರೆ ಸಾರ್, ಲೂಪ್ ಇಲ್ದೆ ಓದೋಕಾಗಲ್ಲ.

1.10ರಲ್ಲಿ ಕುಸಿಯೋದು ನಿಂತಿತು, ಹೊಗೆ ಇತ್ತು. 1.05ರಲ್ಲಿ ಕೋಡಿಯಿಂದ ತೂಬಿನವರೆಗೂ ಒಂದೇ ಉಸಿರಲ್ಲಿ ಹೋಯ್ತು. 1.00 ಹಾಕಿ ಪೂರ್ತಿ ರೇಸಲ್ಲಿ ಒಂದು ನಿಮಿಷ ಓಡಿಸಿ, ಗುಬ್ಬಿ ಅಣ್ಣ ಹೇಳ್ದಂಗೆ ಸ್ಲೋಗೆ ತರದೆ ಹಂಗೇ ಬಂದ್ ಮಾಡಿ ಪ್ಲಗ್ ಬಿಚ್ಚಿದೆ. ಎರಡೂ ಹುರಿಹಿಟ್ಟಿನ ಬಣ್ಣ. ತಿರುಗುವಾಗ ಮಾತ್ರ ಫ್ಯಾನು ಗಾಳಿ ಎಳೆದು ಸುಮ್ನೆ ಕಿರುಚುತ್ತಿತ್ತು. ಮಲ್ಪೆ ಅಣ್ಣಂಗೆ ಫೋಟೋ ಕಳಿಸಿದ್ರೆ, ಫ್ಯಾನಿನ ಮೇಲಿನ ಅಗಲ ರೆಕ್ಕೆ ದೋಣಿ ತಳದ ಸಮಕ್ಕಿರಬೇಕು, ನಿಮ್ಮದು ಮೂರು ಇಂಚು ಮೇಲಿದೆ ಅಂದ್ರು. ಹಿಂದಿನ ಹಲಗೆ ಕೊಯ್ದು ಇಳಿಸಿದ್ವಿ.

ಗುಬ್ಬಿ_ಗ್ಯಾರೇಜ್ (7:31)

ಹುರಿಹಿಟ್ಟಿನ ಬಣ್ಣ ಅಂದ್ರೆ ಮುಗೀತು, 1.00ರಲ್ಲೇ ಬಿಡು. ಅದಕ್ಕಿಂತ ಕೆಳಗೆ ಇಳೀಬೇಡ. ಡಿಸೆಂಬರ್ ಚಳೀಲಿ ಗಾಳಿ ದಪ್ಪ ಆಗುತ್ತೆ, ಆಗ ಪ್ಲಗ್ ಬೆಳ್ಳಗೆ ಕಂಡ್ರೆ 1.05 ಹಾಕು.

ಮಲ್ಪೆ_ಬಂದರು (7:44)

ಮಾವ ಎಂತ ಹೇಳಿದ್ರು?

ಕೆರೆಕೋಡಿ_ಕುಣಿಗಲ್ (8:02)

ತೂಬಿನ ಹತ್ರ ಎಂಜಿನ್ ಬಂದ್ ಮಾಡಿಸಿ, ಕಾಲಡಿ ಇಟ್ಟಿದ್ದ ಹುಟ್ಟು ತಗೊಂಡ್ರು. ಸದ್ದಿಗೆ ಮೀನೆಲ್ಲ ಆಚೆ ದಡಕ್ಕೆ ಹೋದ್ವು, ಇನ್ನು ಮೆಲ್ಲಗೆ ಹೋಗಿ ಬಲೆ ಬಿಡೋಣ ಅಂದ್ರು. 1.05 ಬೆಂಕಿಪೊಟ್ಟಣದಲ್ಲೇ ಇದೆ, ದೇವರ ಗೂಡಲ್ಲಿಟ್ಟಿದೀನಿ. ಫಿಟ್ಟರ್ ಅಣ್ಣ, ಕಾಟ್ಲಾ ಕೆಜಿಎಫ್‌ವರೆಗೂ ಕೆಡಲ್ಲ ಅಂದ್ರೆ ಯಾವ ಬಸ್ಸಿಗೆ ಹಾಕಲಿ?